ಚಕ್ರಕ್ಕೆ ರಬ್ಬರ್ ಸ್ಪ್ರೇ: ನಾನು ಮನೆಯಲ್ಲೇ ಮಾಡಿದ ಬಗೆ

ನನ್ನ ಹಳೇ ಸ್ವಿಫ್ಟ್‌ನ ಅಲಾಯ್ ವೀಲ್‌ಗಳು ಮಂಕಾಗಿದ್ದವು. ಪೇಂಟ್ ಮಾಡಿಸಲು ಧೈರ್ಯ ಬರಲಿಲ್ಲ. ಕಪ್ಪು ಬಣ್ಣ ಒಪ್ಪದಿದ್ದರೆ? ಅದಕ್ಕೇ ಪ್ಲಾಸ್ಟಿ ಡಿಪ್ ಥರದ ರಬ್ಬರ್ ಸ್ಪ್ರೇ ತಂದೆ. ಬೇಜಾರಾದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದು ಹಾಕಬಹುದು. ಚಕ್ರಕ್ಕೊಂದು ಕ್ಯಾನ್ ಲೆಕ್ಕ ಇಟ್ಟುಕೊಳ್ಳಿ.

ಅರ್ಧ ಕೆಲಸ ತೊಳೆಯುವುದೇ. ಬ್ರೇಕ್ ಧೂಳು, ಟೈರ್ ಪಾಲಿಶ್‌ನ ಜಿಡ್ಡು ಉಳಿದರೆ ರಬ್ಬರ್ ಹಿಡಿಯುವುದಿಲ್ಲ. ಸೋಪು ನೀರು, ಹಳೇ ಟೂತ್‌ಬ್ರಶ್ ಸಾಕು. ಪೂರ್ತಿ ಒಣಗಲಿ.

ಟೈರ್ ಮುಚ್ಚಲು ಇಸ್ಪೀಟ್ ಎಲೆಗಳನ್ನು ರಿಮ್ಮಿನ ಅಂಚಿಗೆ ಸುತ್ತಲೂ ಸಿಕ್ಕಿಸಿ. (ಹಬ್ಬಕ್ಕೆ ಆಡುವ ಕಟ್ಟನ್ನು ಹಾಳು ಮಾಡಿ ಅಪ್ಪನಿಂದ ಬೈಸಿಕೊಂಡೆ.) ಬ್ರೇಕ್ ಡಿಸ್ಕ್, ನಟ್ಟು, ಗಾಳಿ ತುಂಬುವ ವಾಲ್ವ್ ಟೇಪು ಹಚ್ಚಿ ಮುಚ್ಚಲೇಬೇಕು.

ನೆರಳಿದ್ದು ಗಾಳಿಯಾಡುವ ಜಾಗ ಬೇಕು. ಮಾಸ್ಕ್ ಹಾಕಿ. ಹತ್ತಿರ ಬೀಡಿ, ಸಿಗರೇಟು, ಒಲೆ ಏನೂ ಬೇಡ. ಕ್ಯಾನ್ ಚೆನ್ನಾಗಿ ಕುಲುಕಿ, ಸುಮಾರು 15 ಸೆಂ.ಮೀ. ದೂರದಿಂದ ಕೈ ನಿಲ್ಲಿಸದೆ ಹೊಡೆಯಿರಿ. ಮೊದಲ ಕೋಟ್ ತೆಳ್ಳಗೆ, ಹಳೇ ಬಣ್ಣ ಅರ್ಧ ಕಾಣುತ್ತಿರಬೇಕು. ಆಮೇಲೆ 15–20 ನಿಮಿಷ ಬಿಟ್ಟು ಇನ್ನೊಂದು. ಹೀಗೆ ಐದು. ಕೊನೆಯ ಕೋಟ್ ಹಸಿ ಇರುವಾಗಲೇ ಟೇಪು ಕೀಳಿ, ಒಣಗಿದ ಮೇಲೆ ಕಿತ್ತರೆ ಅಂಚೂ ಜೊತೆಗೇ ಬರುತ್ತದೆ.

ಮೊದಲ ಚಕ್ರಕ್ಕೆ ಜಿಪುಣತನ ಮಾಡಿ ಎರಡೇ ಕೋಟ್ ಹೊಡೆದಿದ್ದೆ. ಸುಲಿಯುವಾಗ ಚೂರುಚೂರಾಗಿ ಬಂತು, ಉಗುರೆಲ್ಲ ನೋವು. ಐದು ಕೋಟ್ ಹಾಕಿದ್ದು ಒಂದೇ ಹಾಳೆಯಾಗಿ ಬಂತು. ಪೆಟ್ರೋಲ್ ಮಾತ್ರ ಸೋಕಿಸಬೇಡಿ, ಕರಗುತ್ತದೆ.