ಕಸಿಯಾದ ಮೇಲೆ ಬಾಯಿ ಬಿಗಿಯುತ್ತಿದೆಯಾ? ಮೊದಲು ಸ್ಕೇಲ್ ತಗೊಳ್ಳಿ

ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲ ಕೋಶ) ಕಸಿಯಾಗಿ ತಿಂಗಳುಗಳಾಗಿವೆ, ರಕ್ತದ ರಿಪೋರ್ಟ್ ಚೆನ್ನಾಗಿದೆ. ಆದರೆ ಆಕಳಿಸಿದರೆ ದವಡೆ ಹಿಡಿದುಕೊಳ್ಳುತ್ತದೆ, ಹಿಂದಿನ ಹಲ್ಲಿನ ತನಕ ಬ್ರಷ್ ಹೋಗುವುದಿಲ್ಲ. ಸುಸ್ತಿಗೆ ಹೀಗಾಗಿರಬೇಕು ಅಂತ ಸುಮ್ನಿರಬೇಡಿ.

ಬೇರೆಯವರ ಕೋಶ ಪಡೆದವರಲ್ಲಿ ಆ ಕೋಶಗಳೇ ಕೆಲವೊಮ್ಮೆ ಮೈಮೇಲೆ ತಿರುಗಿ ಬೀಳುತ್ತವೆ. ಡಾಕ್ಟರುಗಳ ಬಾಯಲ್ಲಿ ಇದು ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್). ಇದು ದೀರ್ಘಕಾಲ ಉಳಿದರೆ ಚರ್ಮ, ಅದರಡಿಯ ಪೊರೆ ಗಟ್ಟಿಯಾಗಿ ಬಾಯಿ ತೆರೆಯುವುದು ಕಡಿಮೆಯಾಗಬಹುದು. ಅಪರೂಪಕ್ಕೆ ಸ್ನಾಯುವಿಗೇ ಉರಿಯೂತ ಬರುತ್ತದೆ. ತೊಂದರೆ ಏನೆಂದರೆ, ಇದು ಎಷ್ಟು ನಿಧಾನವಾಗಿ ಬರುತ್ತದೆ ಅಂದ್ರೆ, ತುತ್ತು ಚಿಕ್ಕದು ಮಾಡಿಕೊಂಡು, ಗಟ್ಟಿ ತಿನಿಸು ಬಿಟ್ಟು, ನಾವೇ ಅದಕ್ಕೆ ಒಗ್ಗಿಬಿಟ್ಟಿರುತ್ತೇವೆ.

ಅದಕ್ಕೇ ಅಳೆಯಬೇಕು. ಕನ್ನಡಿ ಮುಂದೆ ನಿಂತು, ನೋವಾಗದಷ್ಟು ಬಾಯಿ ತೆರೆದು, ಕೆಳಗಿನ ಮುಂಭಾಗದ ಹಲ್ಲಿನ ತುದಿಯಿಂದ ಮೇಲಿನ ಹಲ್ಲಿನ ತುದಿವರೆಗೆ ಅಳೆಯಿರಿ. ಸುಮಾರು ಸ್ಕೇಲ್‌ಗಳಲ್ಲಿ ಸೊನ್ನೆಗೆ ಮೊದಲು ಒಂಚೂರು ಖಾಲಿ ಜಾಗ ಇರುತ್ತದಲ್ವಾ, ಹಾಗಾಗಿ ಸ್ಕೇಲಿನ ಅಂಚನ್ನಲ್ಲ, ಸೊನ್ನೆಯ ಗೆರೆಯನ್ನೇ ಕೆಳಗಿನ ಹಲ್ಲಿನ ತುದಿಗೆ ಹಿಡಿಯಿರಿ. ದೊಡ್ಡವರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಬರುತ್ತದೆ. 35ಕ್ಕಿಂತ ಕಡಿಮೆ ಬಂದರೆ ಬಾಯಿ ಬಿಗಿದಿದೆ ಎಂದೇ ಲೆಕ್ಕ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಅಳೆದು ತಾರೀಖು ಹಾಕಿ ಬರೆದಿಡಿ.

ಅಳತೆ ಇಳಿಯುತ್ತಿದ್ದರೆ ಆ ಚೀಟಿ ಹಿಡಿದು ಕಸಿ ಮಾಡಿದ ಡಾಕ್ಟರ ಹತ್ತಿರ ಹೋಗಿ, ವ್ಯಾಯಾಮವೆಲ್ಲ ಆಮೇಲೆ. ಹಲ್ಲಿನ ಸೋಂಕು, ಮೂಳೆಗೆ ಕೊಡುವ ಕೆಲವು ಔಷಧಿಗಳಿಂದ ದವಡೆ ಮೂಳೆಗೆ ಆಗುವ ತೊಂದರೆ, ಬಾಯಿ ಕ್ಯಾನ್ಸರ್ ಕೂಡ ಹೀಗೇ ಕಾಣಿಸಬಹುದು. ಬೇರೆಯವರ ಕೋಶ ಪಡೆದು ಕಸಿಯಾದವರಿಗೆ ಬಾಯಿ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಸಾಕಷ್ಟು ಜಾಸ್ತಿ. ಜಿವಿಎಚ್‌ಡಿಯೇ ಆಗಿದ್ದರೆ ಅದಕ್ಕೆ ಔಷಧಿ ಬೇಕು, ಬರೀ ವ್ಯಾಯಾಮದಿಂದ ಅದು ಹೋಗುವುದಿಲ್ಲ.

ಡಾಕ್ಟರು ಹೂಂ ಅಂದ ಮೇಲೆ ವ್ಯಾಯಾಮ ಶುರು ಮಾಡಿ. ಬೆಚ್ಚಗಿನ ಬಟ್ಟೆಯನ್ನು ಐದು ನಿಮಿಷ ಕೆನ್ನೆಗೆ ಹಿಡಿಯಿರಿ. ಗಟ್ಟಿಯಾದ ಚರ್ಮಕ್ಕೆ ಬಿಸಿ ಸರಿಯಾಗಿ ಗೊತ್ತಾಗದೇ ಸುಟ್ಟುಬಿಡಬಹುದು, ಹಾಗಾಗಿ ಮೊದಲು ಮನೆಯವರ ಮುಂಗೈಗೆ ತಾಗಿಸಿ ನೋಡಿ. ಆಮೇಲೆ ಹಲ್ಲು ಕಚ್ಚಿ ಕೆನ್ನೆ ಮುಟ್ಟಿಕೊಳ್ಳಿ, ಕಿವಿಯ ಮುಂದೆ, ಸ್ವಲ್ಪ ಕೆಳಗೆ, ಒಂದು ಗಂಟು ಎದ್ದು ಬರುತ್ತದೆ. ಅಗಿಯುವ ಸ್ನಾಯು ಅದೇ. ಹಲ್ಲು ಸಡಿಲ ಬಿಟ್ಟು ಅಲ್ಲಿ ಬೆರಳಿನಿಂದ ಮೆಲ್ಲಗೆ ಸುತ್ತು ಸುತ್ತಾಗಿ ತಿಕ್ಕಿ. ಚರ್ಮದಲ್ಲಿ ಗಾಯ ಇದ್ದರೆ ಬೇಡ. ನಂತರ ಎಳೆತ ಗೊತ್ತಾಗುವವರೆಗೆ ಬಾಯಿ ತೆರೆದು, ಹತ್ತು ಎಣಿಸಿ, ಬಿಡಿ. ಐದು ಸಲ, ದಿನಕ್ಕೆ ಮೂರ್ನಾಲ್ಕು ಹೊತ್ತು. ಎಳೆದ ಹಾಗಾದರೆ ಪರವಾಗಿಲ್ಲ, ನೋವಾದರೆ ನಿಲ್ಲಿಸಿ. ಹಲ್ಲಿನ ನಡುವೆ ಮರದ ಪಟ್ಟಿಗಳನ್ನು ತುರುಕಿ ಬಾಯಿ ಅಗಲಿಸುವ ವಿಧಾನವೂ ಇದೆ, ಅದನ್ನು ಫಿಸಿಯೋಥೆರಪಿಸ್ಟ್ ತೋರಿಸಿಕೊಡದೆ ಮಾಡಬೇಡಿ.

ಮುಖ ಊದಿ ಜ್ವರ ಬಂದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಹಲ್ಲಿಗೆ ಮಕ್ಕಳ ಬ್ರಷ್ ಸಾಕು, ಅದರ ತಲೆ ಚಿಕ್ಕದು. ಎಂಜಲು ಕಡಿಮೆಯಾದ ಬಾಯಲ್ಲಿ ಹುಳುಕು ಬೇಗ ಹಿಡಿಯುತ್ತದೆ, ಫ್ಲೋರೈಡ್ ಪೇಸ್ಟ್ ಬಿಡಬೇಡಿ. ಹಲ್ಲು ಕೀಳಿಸುವುದಿದ್ದರೆ ಕಸಿ ಡಾಕ್ಟರನ್ನು ಮೊದಲೇ ಕೇಳಿ. ದಂತವೈದ್ಯರಿಗೂ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ‘ಬಾಯಿ ಇಷ್ಟೇ ಮಿಲಿಮೀಟರ್ ತೆರೆಯುತ್ತದೆ, ಕೆಲಸ ಎರಡು ಮೂರು ಸಲಕ್ಕೆ ಹಂಚಿ’ ಎಂದು ಹೇಳಿಬಿಡಿ.