ರೇಷ್ಮೆ ಸೀರೆಯ ಫೋಟೊದಲ್ಲಿ ಬಣ್ಣದ ಅಲೆ ಏಳದಂತೆ ನಾನು ಮಾಡುವುದು

ಸೀರೆ ಕ್ಯಾಟಲಾಗ್‌ಗೆ ನಾನು ಬಳಸುವುದು 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾ, ಲೋ-ಪಾಸ್ ಫಿಲ್ಟರ್ ಇಲ್ಲದ್ದು. ಆ ಫಿಲ್ಟರ್ ಸೆನ್ಸರ್ ಮುಂದೆ ಕೂತು ಬೆಳಕನ್ನು ಚೂರು ಚದುರಿಸುತ್ತದೆ. ನಿಕಾನ್ 2012ರಲ್ಲಿ ಡಿ800 ಜೊತೆಗೇ ಫಿಲ್ಟರಿನ ಪರಿಣಾಮವನ್ನು ರದ್ದು ಮಾಡಿದ ಡಿ800ಇ ತಂದಿತ್ತು. 2014ರ ಡಿ810ರಲ್ಲಿ ಫಿಲ್ಟರನ್ನೇ ತೆಗೆದುಹಾಕಿತು. ಫಿಲ್ಟರ್ ಇಲ್ಲದಿದ್ದರೆ ಜರಿಯ ಒಂದೊಂದು ಎಳೆಯೂ ಎದ್ದು ಕಾಣುತ್ತದೆ, ನಿಜ. ಆದರೆ ಒಡಲಿನ ಮೇಲೆ ಹಸಿರು, ನೇರಳೆ ಅಲೆಗಳೂ ಏಳುತ್ತವೆ. ಇದೇ ಮೊಯ್ರೆ, ಬಟ್ಟೆಯ ಎಳೆಗಳ ಸಾಲೂ ಸೆನ್ಸರಿನ ಪಿಕ್ಸೆಲ್‌ಗಳ ಸಾಲೂ ಒಂದಕ್ಕೊಂದು ಹೊಂದದೆ ಹುಟ್ಟುವ ಸುಳ್ಳು ವಿನ್ಯಾಸ.

ಕ್ಯಾಮೆರಾ ಹಿಂದಿನ ಪರದೆಯಲ್ಲಿ ಕಂಡ ಅಲೆಯನ್ನು ನಂಬಬೇಡಿ, ಚಿತ್ರವನ್ನು ಕುಗ್ಗಿಸಿ ತೋರಿಸುವಾಗಲೂ ಅದು ಹುಟ್ಟುತ್ತದೆ. ರಾ ಫೈಲನ್ನು (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) 100%ಗೆ ಹಿಗ್ಗಿಸಿ ನೋಡಿ.

ನಾನು ಮೊದಲು ಭೂತಗನ್ನಡಿ ಹಿಡಿದು ಎಳೆ ಎಣಿಸುತ್ತೇನೆ. ಸೆಂಟಿಮೀಟರಿಗೆ 40 ಎಳೆ ಇದೆ ಅನ್ನಿ, ಅಂದರೆ 0.25 ಮಿ.ಮೀ.ಗೆ ಒಂದು. ಫ್ರೇಮಿನ ಅಡ್ಡಗಲದಲ್ಲಿ 60 ಸೆಂ.ಮೀ. ಬಟ್ಟೆ ತುಂಬಿಸಿದರೆ 6000 ಪಿಕ್ಸೆಲ್‌ಗೆ ಹಂಚಿ, ಒಂದು ಎಳೆಗೆ ಸಿಗುವುದು ಎರಡೂವರೆ ಪಿಕ್ಸೆಲ್. ಎಳೆಗೆ ಎರಡು ಪಿಕ್ಸೆಲ್ ಸಾಕು ಅನ್ನುವ ಮಾತು ಕಪ್ಪು-ಬಿಳುಪಿಗೆ ಸರಿ. ಆದರೆ ಸೆನ್ಸರಿನ ಒಂದೊಂದು ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನಷ್ಟೇ ಅಳೆಯುವ ಬೇಯರ್ ಜೋಡಣೆಯಲ್ಲಿ ಕೆಂಪು, ನೀಲಿ ಪಿಕ್ಸೆಲ್‌ಗಳು ಸಾಲಿನಲ್ಲಿ ಒಂದು ಬಿಟ್ಟು ಒಂದು ಇರುವುದರಿಂದ ಅವಕ್ಕೆ ನಾಲ್ಕು ಬೇಕು. ಅದಕ್ಕೇ ಅಲೆಗೆ ಬಣ್ಣ ಬರುವುದು. ಟ್ರೈಪಾಡನ್ನು ಮುಂದೆ ತಂದು 36 ಸೆಂ.ಮೀ. ಅಗಲವನ್ನಷ್ಟೇ ತುಂಬಿಸಿದರೆ ನಾಲ್ಕು ದಾಟುತ್ತದೆ, ಬಣ್ಣ ಹೋಗುತ್ತದೆ. ಅಂಚು, ಬುಟ್ಟಾಗಳ ಹತ್ತಿರದ ಶಾಟ್‌ಗಳೆಲ್ಲ ಹೀಗೇ, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/5.6ರಿಂದ ಎಫ್/8ರೊಳಗೆ.

ಇಡೀ ಸೆರಗು ಬೇಕೆಂದಾಗ ಹತ್ತಿರ ಹೋಗುವಂತಿಲ್ಲ. ಆಗ ಕಿಂಡಿಯನ್ನು ಎಫ್/16ಕ್ಕೆ ಕಿರಿದು ಮಾಡುತ್ತೇನೆ. ಅಲ್ಲಿ ಡಿಫ್ರಾಕ್ಷನ್‌ನಿಂದ, ಅಂದರೆ ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ, ಒಂದು ಬೆಳಕಿನ ಚುಕ್ಕೆ ಸುಮಾರು 21 ಮೈಕ್ರಾನ್ ಅಗಲಕ್ಕೆ ಹರಡುತ್ತದೆ. ಈ ಸೆನ್ಸರಿನ ಪಿಕ್ಸೆಲ್ 6 ಮೈಕ್ರಾನ್. ಇಲ್ಲದ ಫಿಲ್ಟರಿನ ಕೆಲಸವನ್ನು ಲೆನ್ಸಿನಿಂದಲೇ ಮಾಡಿಸಿದಂತಾಯಿತು. ಅಲೆ ಪೂರ್ತಿ ಅಳಿಯುವುದಿಲ್ಲ, ಮಂಕಾಗುತ್ತದೆ. ಕಳೆದ ಚೂಪನ್ನು ಶಾರ್ಪನಿಂಗ್ ಬಹುಪಾಲು ವಾಪಸ್ ಕೊಡುತ್ತದೆ. ಫೋಕಸ್ ತಪ್ಪಿಸಿ ಮಸುಕು ಮಾಡಿದರೆ ಅಷ್ಟು ಚೆನ್ನಾಗಿ ವಾಪಸ್ ಬರುವುದಿಲ್ಲ. ಟ್ರೈಪಾಡ್ ಮೇಲೆ ಸ್ಟೆಬಿಲೈಸೇಷನ್ ಆಫ್, ಎರಡು ಸೆಕೆಂಡ್ ಟೈಮರ್.

ಉಳಿದ ಬಣ್ಣಕ್ಕೆ ರಾ ಸಾಫ್ಟ್‌ವೇರಿನ ಮೊಯ್ರೆ ಬ್ರಷ್ ಇದೆ, ಒಂದೇ ಬಣ್ಣದ ಒಡಲಿಗೆ ಅದು ಸಾಕು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣವಿರುವ ಡಬಲ್ ಶೇಡ್ ಸೀರೆಗೆ ಮಾತ್ರ ಬ್ರಷ್ ಮುಟ್ಟಿಸುವುದಿಲ್ಲ. ಸುತ್ತಲಿನ ಬಣ್ಣವನ್ನೆಲ್ಲ ಸರಾಸರಿ ಮಾಡಿ, ಆ ಮಿನುಗನ್ನೇ ನುಂಗಿಬಿಡುತ್ತದೆ. ಅಂಥದ್ದನ್ನು ಭಾಗ ಭಾಗವಾಗಿ ಹತ್ತಿರದಿಂದ ತೆಗೆದು ಜೋಡಿಸುತ್ತೇನೆ.