ಒಂದು ಗಾಜ್ ಬಟ್ಟೆ ತುಂಡು ಮತ್ತು ನಮ್ಮ ಓಟಿಯ ಹೊಗೆ

ಮಾಸ್ಟೆಕ್ಟಮಿ (ಸ್ತನ ತೆಗೆಯುವ ಆಪರೇಷನ್) ಕೇಸ್ ಮುಗಿಸಿ ಮನೆಗೆ ಹೋದರೆ ಮಗಳು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಕ್ಯಾಪ್ ಹಾಕಿದ್ದರೂ ಕೂದಲಿಗೆ ಸುಟ್ಟ ಕೊಬ್ಬಿನ ವಾಸನೆ ಹತ್ತಿರುತ್ತಿತ್ತು. ಕಾಟರಿ, ಅಂದರೆ ಕರೆಂಟಿನಿಂದ ಸುಟ್ಟು ಕತ್ತರಿಸುವ ಉಪಕರಣದ ಪಕ್ಕ ನಿಲ್ಲುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಓಟಿಯಲ್ಲಿ (ಆಪರೇಷನ್ ಥಿಯೇಟರ್) ನಾನು ಹದಿನೇಳು ವರ್ಷದಿಂದ ಸಿಸ್ಟರ್. ಅದರಲ್ಲಿ ಹದಿನಾಲ್ಕು ವರ್ಷಕ್ಕೂ ಹೆಚ್ಚು ಈ ಹೊಗೆ ಕುಡಿದೇ ಕಳೆದೆ. ಈಗ ಎರಡೂವರೆ ವರ್ಷದಿಂದ ನಮ್ಮ ಮೇನ್ ಓಟಿಯಲ್ಲಿ ಆ ವಾಸನೆ ಇಲ್ಲ. "ಆಗಲ್ಲ ಬಿಡಿ ಸಿಸ್ಟರ್" ಅಂದವರೂ ಅದೇ ಟೇಬಲ್ಲಿಗೇ ನಿಲ್ಲುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತಿದ್ದು ಎನ್95 ವಿಷಯದಲ್ಲಿ. ಮಾಮೂಲಿ ಮಾಸ್ಕ್ ಈ ಹೊಗೆಗೆ ಜರಡಿ ಇದ್ದ ಹಾಗೆ. ಕಾಟರಿ ಹೊಗೆಯ ಕಣಗಳಲ್ಲಿ ಬಹುಪಾಲು 0.1 ಮೈಕ್ರಾನ್‌ಗಿಂತ ಸಣ್ಣವು, ಸಾಲದ್ದಕ್ಕೆ ಕೆನ್ನೆ ಪಕ್ಕದಿಂದ ಗಾಳಿ ನುಗ್ಗುತ್ತದೆ. ಕೊರೋನಾ ಕಾಲದಲ್ಲಿ ಉಳಿದಿದ್ದ ಎರಡು ಬಾಕ್ಸ್ ಎನ್95 ಹಂಚಿದೆ. ಒಂದು ವಾರ ಹಾಕಿದರು. ಮೂರು ಗಂಟೆಯ ಕೇಸ್ ಅಂದರೆ ತಲೆನೋವು, ಕನ್ನಡಕದ ಮೇಲೆ ಮಂಜು, ಮೂಗಿನ ಮೇಲೆ ಬರೆ. ಎಂಟನೇ ದಿನ ಎಲ್ಲರೂ ಹಳೇ ಮಾಸ್ಕಿಗೆ ವಾಪಸ್. ಅನಸ್ತೇಷಿಯಾ ಮೇಡಂ ಒಬ್ಬರೇ ಹಠ ಹಿಡಿದು ತಿಂಗಳು ಹಾಕಿದರು.

ಆಮೇಲೆ ಎಲ್ಲರೂ ಮಾಡುವ ಹಾಗೆ ವಾಲ್ ಸಕ್ಷನ್, ಅಂದರೆ ಗೋಡೆಯ ಲೈನಿನಿಂದ ಎಳೆಯುವ ಪೈಪ್. ಸ್ಕ್ರಬ್ ಸಿಸ್ಟರ್ ಒಂದು ಕೈಯಲ್ಲಿ ಸಕ್ಷನ್ ಟಿಪ್ ಹಿಡಿದು ಹೊಗೆ ಹಿಂದೆ ಅಲೆಯಬೇಕು. ರಕ್ತ ಬಂದ ಕೂಡಲೇ ಸರ್ಜನ್ ಸರ್ ಅದನ್ನೇ ಕಿತ್ತುಕೊಳ್ಳುತ್ತಾರೆ. ಹೊಗೆಗೆ ಅಂತಲೇ ಎರಡನೇ ಲೈನ್ ಕೊಟ್ಟೆ. ಆಗಲೂ ಸಿಕ್ಕಿದ್ದು ಕಾಲು ಭಾಗ ಇರಬಹುದು. ವಾಲ್ ಸಕ್ಷನ್ ಇರುವುದು ರಕ್ತ, ನೀರು ಎಳೆಯಲು. ನಿಮಿಷಕ್ಕೆ ಐದು ಘನ ಅಡಿ ಗಾಳಿ ಎಳೆದರೆ ದೊಡ್ಡದು. ಹೊಗೆ ಎಳೆಯಲೆಂದೇ ಬರುವ ಹೊಗೆ ಮಿಷನ್ ಇಪ್ಪತ್ತೈದು, ಮೂವತ್ತು ಎಳೆಯುತ್ತದೆ. ನಾಲ್ಕು ತಿಂಗಳಲ್ಲಿ ಪೈಪಿನೊಳಗೆ ಜಿಡ್ಡು ಕಟ್ಟಿ ರಿಕವರಿ ರೂಮಿನ ಸಕ್ಷನ್ನೂ ಇಳಿಯಿತು. ಲೈನ್ ಸರಿ ಮಾಡಿಸಲು ಹನ್ನೊಂದು ಸಾವಿರ, ಮೇಲೆ ಬೈಗುಳ ಬೇರೆ. ನಡುವೆ ಫಿಲ್ಟರ್ ಇಡದೆ ಎಳೆದದ್ದು ನನ್ನದೇ ತಪ್ಪು.

ನಮ್ಮ ಹಿರಿಯ ಸರ್ಜನ್ ಅಂತೂ, "ಮೂವತ್ತು ವರ್ಷದಿಂದ ಕುಡೀತಾ ಇದೀನಿ ಸಿಸ್ಟರ್, ನನಗೇನಾಗಿದೆ?" ಅಂದರು. ಅವರು ದಿನಾ ಕೆಮ್ಮಿಕೊಂಡೇ ರೌಂಡ್ಸ್‌ಗೆ ಬರುತ್ತಾರೆ. ಅದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಆಡಳಿತದ ಸರ್ ಹತ್ತಿರ ಹೋಗಿ, ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಓಟಿಯ ಹೊಗೆಯನ್ನು ಎಳೆದು ತೆಗೆಯಲೇಬೇಕು ಅಂತ 2018ರಲ್ಲೇ ಕಾನೂನು ಬಂದಿದೆ ಅಂದೆ. "ಇದು ದಾವಣಗೆರೆ ಸಿಸ್ಟರ್" ಅಂದರು. ಮಾತು ಅಲ್ಲಿಗೆ ಮುಗಿಯಿತು.

ಕೆಲಸ ಆಗಿದ್ದು ಗಾಜ್ ಬಟ್ಟೆಯ ತುಂಡಿನಿಂದ. ಒಂದು ಮಾಸ್ಟೆಕ್ಟಮಿ ಕೇಸಿನಲ್ಲಿ ಹೊಗೆಯ ಸಕ್ಷನ್ ಟ್ಯೂಬ್ ಬಾಟಲಿಗೆ ಸೇರುವ ಕಡೆ ಒಂದು ಪದರ ಬಿಳಿ ಗಾಜ್ ಸಿಕ್ಕಿಸಿದ್ದೆ. ಎರಡು ಗಂಟೆ ಬಿಟ್ಟು ಬಿಚ್ಚಿದರೆ ನಡುವೆ ಕುಂಕುಮದ ಬೊಟ್ಟಿನಷ್ಟು ಕಂದು ಕಲೆ, ಸುತ್ತ ಹಳದಿ ಅಂಚು. ಮುಟ್ಟಿದರೆ ಗ್ಲೌಸಿಗೆ ಅಂಟುತ್ತಿತ್ತು. ಅಡುಗೆಮನೆ ಎಕ್ಸಾಸ್ಟ್ ಫ್ಯಾನಿನ ಜಿಡ್ಡು ಇರುತ್ತದಲ್ಲ, ಥೇಟ್ ಅದೇ. ಎರಡು ಜಿಪ್ ಕವರಿನಲ್ಲಿ ಹಾಕಿ ಆಡಳಿತದ ಸರ್ ಟೇಬಲ್ ಮೇಲಿಟ್ಟೆ. "ಇದು ಸಿಕ್ಕಿದ್ದು ಸರ್. ಸಿಗದೇ ಇದ್ದದ್ದು ನಮ್ಮ ಎದೆಯೊಳಗಿದೆ" ಅಂದೆ. ಟೀ ಲೋಟ ಪಕ್ಕಕ್ಕೆ ಸರಿಸಿ, ಹೊಗೆ ಮಿಷನ್‌ಗೆ ಕೊಟೇಷನ್ ತರಿಸಿ ಅಂದರು.

ಹೊರದೇಶದ ಮಿಷನ್‌ಗೆ ನಾಲ್ಕೂವರೆ ಲಕ್ಷ ಹೇಳಿದರು. ಇಲ್ಲಿಯದೇ ಒಂದು ಲಕ್ಷದ ನಲವತ್ತಕ್ಕೆ ಬಂತು. ಡೆಮೊಗೆ ತಂದದ್ದನ್ನೇ ಕೊಡಿ ಅಂತ ಕೂತು, ಒಂದು ಹದಿನೈದಕ್ಕೆ ಇಳಿಸಿದೆ. ತೆಗೆದುಕೊಳ್ಳುವವರು ಉಲ್ಪಾ (ULPA) ಫಿಲ್ಟರ್ ಇದೆಯಾ ನೋಡಿ, 0.12 ಮೈಕ್ರಾನ್ ಕಣವನ್ನು 99.999 ಭಾಗ ಹಿಡಿಯುವಂಥದ್ದು. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಹೆಪಾ (HEPA) ಫಿಲ್ಟರ್ ಸಾಲದು. ಫಿಲ್ಟರ್ ಒಂದಕ್ಕೆ ಹನ್ನೆರಡು ಸಾವಿರದ ಆಸುಪಾಸು. ನಮಗೆ ಎರಡು ತಿಂಗಳು ಬರುತ್ತದೆ.

ಮಿಷನ್ ಬಂತು, ಹೊಗೆ ಹೋಗಲಿಲ್ಲ! ಪೈಪ್ ಬಾಯಿಯನ್ನು ಡ್ರೇಪ್ ಮೇಲೆ ಒಂದಡಿ ದೂರ ಕ್ಲಿಪ್ ಮಾಡಿದ್ದೆವು. "ಲಕ್ಷ ರೂಪಾಯಿ ಮಿಕ್ಸಿ" ಅಂತ ಹೆಸರಿಟ್ಟರು, ಸದ್ದೂ ಹಾಗೇ ಇತ್ತು ಬಿಡಿ. ಒಂದು ಭಾನುವಾರ ಬಯೋಮೆಡಿಕಲ್ ರೂಮಿನಲ್ಲಿ ಊದುಬತ್ತಿ ಹಚ್ಚಿ ಸ್ಕೇಲ್ ಇಟ್ಟು ನೋಡಿದೆ. (ಓಟಿ ಒಳಗೆ ಮಾತ್ರ ಆ ಸಾಹಸ ಬೇಡ. ಆಕ್ಸಿಜನ್, ಸ್ಪಿರಿಟ್ ಎರಡೂ ಇರುತ್ತವೆ.) ಒಂದಡಿಯಲ್ಲಿ ಹೊಗೆ ಸುಮ್ನೆ ಮೇಲಕ್ಕೆ ಹೋಯಿತು. ಆರು ಇಂಚಿನಲ್ಲಿ ಸ್ವಲ್ಪ ಬಾಗಿತು. ಎರಡು ಇಂಚಿಗೆ ತಂದಾಗ ದಾರ ಎಳೆದ ಹಾಗೆ ಅಷ್ಟೂ ಒಳಗೆ. ಆಟ ಎಲ್ಲ ಆ ಎರಡು ಇಂಚಿನಲ್ಲೇ ಇದೆ.

ಅದೇ ದಿನ ಅರ್ಧ ಕೆಜಿ ಮಟನ್ ತರಿಸಿ ಪೇಷಂಟ್ ಪ್ಲೇಟ್ (ಕರೆಂಟ್ ವಾಪಸ್ ಹೋಗಲು ರೋಗಿಯ ಮೈಗೆ ಹಚ್ಚುವ ಕಾಟರಿಯ ಪ್ಲೇಟ್) ಮೇಲಿಟ್ಟು ಕಾಟರಿಯಲ್ಲಿ ಸುಟ್ಟೆವು. ಕೋಯಾಗ್ (ರಕ್ತ ನಿಲ್ಲಿಸುವ ಸೆಟ್ಟಿಂಗ್) ಅರವತ್ತು ವ್ಯಾಟಿನಲ್ಲಿಟ್ಟರೆ ಹೊಗೆಯೋ ಹೊಗೆ. ಮೂವತ್ತೈದರಲ್ಲೂ ಕೆಲಸ ಆಗುತ್ತಿತ್ತು, ಹೊಗೆ ಅರ್ಧ. ಟಿಪ್ಪಿಗೆ ಕರಿ ಕಟ್ಟಿದ್ದರೆ ಮತ್ತೆ ಜಾಸ್ತಿ. ಅವತ್ತಿಂದ ಟಿಪ್ ಕ್ಲೀನರ್ ಇಲ್ಲದೆ ಟ್ರಾಲಿ ಇಡುವುದಿಲ್ಲ.

ಟ್ಯೂಬನ್ನು ಪೆನ್ಸಿಲ್‌ಗೇ (ಸರ್ಜನ್ ಕೈಲಿ ಹಿಡಿಯುವ ಕಾಟರಿಯ ಹಿಡಿ) ಕಟ್ಟಿದಾಗ ಸರ್, "ಕೈಗೆ ಕಲ್ಲು ಕಟ್ಟಿದೀರಾ?" ಅಂತ ಎರಡು ಸಲ ಬಿಸಾಡಿದರು. ಮೂರನೇ ಸಲ ದಪ್ಪ ಪೈಪನ್ನು ಡ್ರೇಪ್ ಮೇಲೇ ನಿಲ್ಲಿಸಿ, ಕೊನೆಯ ಎರಡಡಿಗೆ ತೆಳ್ಳನೆ ಸಿಲಿಕೋನ್ ಟ್ಯೂಬ್ ಹಾಕಿದೆ. ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲುವ ಮಿಷನ್) ಬಿಸಿಯನ್ನು ಅದು ತಡೆಯುತ್ತದೆ. ಕಂಪನಿ ಟ್ಯೂಬ್ ಕೇಸಿಗೆ 350 ಆಗುತ್ತಿತ್ತು, ಇದು ಅರವತ್ತರೊಳಗೆ. ಮಣಿಕಟ್ಟಿಗೆ ಭಾರ ಬೀಳದ ಹಾಗೆ ಎಲ್ಲಿ ಗಂಟು ಹಾಕುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ನಮ್ಮ ಓಟಿಗೆ ಬನ್ನಿ, ತೋರಿಸುತ್ತೇನೆ.

ವಾರ್ಟ್ (ವೈರಸ್ಸಿನಿಂದ ಬರುವ ನರಹುಲಿ) ಸುಡುವ ಕೇಸಿಗೆ ಮಾತ್ರ ಎನ್95 ಬಿಟ್ಟಿಲ್ಲ. 1991ರಲ್ಲಿ ನಾರ್ವೆಯಿಂದ ಒಂದು ಕೇಸ್ ವರದಿಯಾಗಿತ್ತು. ಲೇಸರ್‌ನಲ್ಲಿ ರೋಗಿಗಳ ವಾರ್ಟ್ ಸುಡುತ್ತಿದ್ದ ಸರ್ಜನ್‌ಗೇ ಗಂಟಲಲ್ಲಿ ಪ್ಯಾಪಿಲೋಮಾ, ಅಂದರೆ ವಾರ್ಟಿನಂಥದೇ ಗಂಟು. ಗೈನಿಕ್ ಮೇಡಂಗೆ ಇದೊಂದನ್ನು ಹೇಳಿದ್ದೇ ಸಾಕಾಯಿತು.

ಹೊಟ್ಟೆಗೆ ಗ್ಯಾಸ್ ತುಂಬಿ ಸಣ್ಣ ತೂತಿನಿಂದ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ ಕೇಸಿಗೆ ಮಿಷನ್ ಬೇಕಿಲ್ಲ. ಮೊದಲೆಲ್ಲ ಪೋರ್ಟಿನ (ಆ ತೂತಿಗೆ ಹಾಕುವ ಕೊಳವೆ) ಸ್ಟಾಪ್‌ಕಾಕ್, ಅಂದರೆ ಸಣ್ಣ ನಲ್ಲಿ, ತೆಗೆದು ಹೊಗೆಯನ್ನು ಕ್ಯಾಮೆರಾ ಹಿಡಿದವರ ಮುಖಕ್ಕೇ ಬಿಡುತ್ತಿದ್ದೆವು. 2020ರಲ್ಲಿ ಬಹಳ ಕಡೆ ಮಾಡಿದ ಹಾಗೆ ವೆಂಟಿಲೇಟರ್ ಸರ್ಕ್ಯೂಟಿನ ವೈರಲ್ ಫಿಲ್ಟರ್ ಸೇರಿಸಿ ಸಕ್ಷನ್‌ಗೆ ಕೊಟ್ಟೆವು. ನೂರೈವತ್ತು ರೂಪಾಯಿ ಖರ್ಚು. ಫಿಲ್ಟರಿಗೂ ಟ್ಯೂಬಿಗೂ ಅಳತೆ ಕೂಡುವುದಿಲ್ಲ ಅಲ್ವಾ? ಇಟಿ ಟ್ಯೂಬಿನ (ಉಸಿರಿಗಾಗಿ ಗಂಟಲಿಗೆ ಹಾಕುವ ನಳಿಕೆ) 15 ಎಂಎಂ ಕನೆಕ್ಟರ್ ಹಾಕಿ, ಕೂಡುತ್ತದೆ. ಫಿಲ್ಟರನ್ನು ಎತ್ತರಕ್ಕೆ ತೂಗುಹಾಕಿ, ನೆನೆದರೆ ಕಟ್ಟಿಕೊಳ್ಳುತ್ತದೆ. ಸ್ಟಾಪ್‌ಕಾಕ್ ಕಾಲು ಭಾಗ ಮಾತ್ರ ತೆರೆಯಿರಿ. ನಾನು ಮೊದಲ ಸಲ ಪೂರ್ತಿ ತೆರೆದು ಹೊಟ್ಟೆಯ ಗ್ಯಾಸೆಲ್ಲ ಇಳಿದು, ಸರ್ ಕೈಲಿ ಬೈಸಿಕೊಂಡೆ.

ಈಗ ಆರ್ಥೋದವರ (ಮೂಳೆ ಡಾಕ್ಟರು) ಬೋನ್ ಸಿಮೆಂಟ್, ಅಂದರೆ ಕೃತಕ ಕೀಲು ಕೂರಿಸುವ ಅಂಟು, ಕಲಸುವಾಗ ಬರುವ ಘಾಟಿಗೆ ಇದೇ ಪೈಪನ್ನು ಬೌಲ್ ಅಂಚಿಗೆ ಹಿಡಿದು ನೋಡುತ್ತಿದ್ದೇನೆ. ಆ ಆವಿಗೆ ಉಲ್ಪಾ ಲೆಕ್ಕಕ್ಕಿಲ್ಲ, ಫಿಲ್ಟರಿನಲ್ಲಿರುವ ಇದ್ದಿಲ ಪದರವೇ ಹೀರಬೇಕು. ಎಂಟು ಕೇಸ್ ಆಗಿದೆ. ಘಾಟು ಅರ್ಧಕ್ಕೆ ಇಳಿದ ಹಾಗಿದೆ, ಫಿಲ್ಟರ್ ಬೇಗ ಮುಗಿಯುತ್ತಿದೆ. ಸ್ಟೋರಿನವರು ಆಗಲೇ ಫೋನ್ ಮಾಡಿ, "ಇನ್ನೊಂದು ಫಿಲ್ಟರ್ ಯಾಕೆ ಸಿಸ್ಟರ್?" ಅಂತ ಕೇಳಿದರು. ಆರ್ಥೋ ಸರ್‌ನ ಕೇಳಿ ಅಂತ ಫೋನ್ ಅವರ ಕೈಗೇ ಕೊಟ್ಟೆ.